ಮಿಕ್ಸಿಯೊಳಗಿನ ಖಾರ

ಬ್ಯಾಡಗಿಯಲ್ಲಿ ಮಿಕ್ಸಿ ರಿಪೇರಿ ಮಾಡುವವನಿಗೆ ಸೀನು ತಪ್ಪಿದ್ದಲ್ಲ. ಯಾರ ಮನೆಯ ಮಿಕ್ಸಿ ಬಿಚ್ಚಿದರೂ ಒಳಗಿಂದ ಕೆಂಪು ಖಾರದ ಪುಡಿ ಉದುರುತ್ತದೆ. ಶಮಶೇರಸಾಬ ಸೀನಿದಾಗಲೆಲ್ಲ "ಅಲ್ಹಮ್ದುಲಿಲ್ಲಾ" ಎನ್ನುತ್ತಿದ್ದ. ಅಂಗಡಿಯ ಹಿಂದಿನ ಪರದೆಯಾಚೆ, ಅಡುಗೆಮನೆಯಿಂದ, ಹೆಂಡತಿ ಮಹಮೂದಾಬೇಗಂ "ಯರ್ಹಮುಕಲ್ಲಾ" ಎಂದು ಕೂಗುತ್ತಿದ್ದಳು. ಅಲ್ಲಾಹನು ನಿನಗೆ ಕರುಣೆ ತೋರಲಿ ಎಂಬ ಆ ಉತ್ತರ, ಜಗಳವಾಡಿ ಮಾತು ಬಿಟ್ಟ ದಿನವೂ ತಪ್ಪುತ್ತಿರಲಿಲ್ಲ.

ಹೋದ ರಂಜಾನಿನಲ್ಲಿ ಅವಳು ತೀರಿಕೊಂಡಳು. ಹಾಳಾದ ಸೀನು ಮಾತ್ರ ನಿಲ್ಲಲಿಲ್ಲ. ಸೀನಿ ದೇವರನ್ನು ನೆನೆದ ಮೇಲೆ ಸಾಬನ ಕೈ ಈಗಲೂ ಗಳಿಗೆ ಹೊತ್ತು ತಡೆಯುತ್ತದೆ, ಕಿವಿ ಪರದೆಯತ್ತ ಹೋಗುತ್ತದೆ.

ನಿನ್ನೆ ಮುದುಕಿ ಮೈಲವ್ವ ತನ್ನ ಮಿಕ್ಸಿ ಹೊತ್ತು ತಂದಳು.

"ಮೋಟಾರ ಸುಟ್ಟೈತೇನಪಾ?"

"ಇಲ್ಲಬೇ, ಕಾರ್ಬನ್ ಸವದಾವು" ಎಂದು ಸಾಬ ಹಳೆಯವನ್ನು ಕಿತ್ತು ಹೊಸ ಜೋಡಿ ಕೂರಿಸತೊಡಗಿದ. ಅಷ್ಟರಲ್ಲಿ ಸೀನು ಬಂತು. ದೇವರನ್ನು ನೆನೆದ. ಕೈ ತಡೆಯಿತು.

ಮೈಲವ್ವ ಅಕ್ಕರೆಯಿಂದ ಹರಸಿದಳು: "ನೂರು ವರ್ಷ ಬಾಳಪಾ!"

ಪರದೆ ಅಲುಗಲಿಲ್ಲ. ಸಾಬ ತಲೆಯೆತ್ತದೆ ಸ್ಕ್ರೂ ತಿರುಗಿಸುತ್ತ ಹೇಳಿದ: "ಅಷ್ಟೆಲ್ಲಾ ಬ್ಯಾಡಬೇ."