ಆದಮ್ಮ ಗುಡಿಸದ ದಿನ

ಸಿಂಧನೂರಿನ ಕಾಯಿಪಲ್ಲೆ ಮಾರುಕಟ್ಟೆಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಕ್ಕಿ ಗಿರಣಿಗಳ ಕಡೆಯಿಂದ ಹಾರಿ ಬಂದ ಹೊಟ್ಟು, ನಿನ್ನೆಯ ಕೊಳೆತ ಟೊಮೆಟೊ, ಮೂಲಂಗಿ ಸೊಪ್ಪು ಎಲ್ಲವೂ ಆದಮ್ಮನವರ ಪೊರಕೆಯ ಮುಂದೆ ಸರಿಯುತ್ತಿವೆ. ಸೆರಗನ್ನು ಮೂಗಿಗೆ ಸುತ್ತಿ, ನಡು ಬಗ್ಗಿಸಿ ಗುಡಿಸುತ್ತಿರುವ ಅವರಿಗೆ ಅರವತ್ತು ದಾಟಿದೆ. ಗಾಡಿಗಳು ಬರುವ ಹೊತ್ತಿಗೆ ನೆಲ ಹಸನಾಗಬೇಕು. ವರ್ಷವಿಡೀ ಆಗುತ್ತದೆ, ಏಪ್ರಿಲ್ ಹದಿನಾಲ್ಕೊಂದನ್ನು ಬಿಟ್ಟು.

ಆದಮ್ಮ ಮಸ್ಕಿ ಹತ್ತಿರದ ಸಂತೆಕಲ್ಲೂರಿನವರು. ಅವರ ಕೇರಿಯವರು ಊರ ಬಾವಿಗೆ ಇಳಿಯುವಂತಿರಲಿಲ್ಲ. ಯಾರಾದರೂ ಸೇದಿ ಸುರಿಯುವ ತನಕ ಕೊಡ ಹಿಡಿದು ನಿಲ್ಲಬೇಕಿತ್ತು. ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೆ, ಒಂದು ಸಭೆಯಲ್ಲಿ ಕೂತು, ಕೆರೆಯ ನೀರು ಮುಟ್ಟಲು ಸಾವಿರಾರು ಜನರನ್ನು ಕರೆದೊಯ್ದ ಅಂಬೇಡ್ಕರರ ಕಥೆ ಕೇಳಿದರು. “ನಮ್ಮೂರ ಬಾವಿ ಕಣ್ಣ ಮುಂದ ಬಂತ್ರಿ. ಇಂಥಾವ್ರು ಹುಟ್ಟಿದ ದಿನ ನಾ ಹೆಂಗ ಕಸ ಬಳೀಲಿ?” ಎನ್ನುತ್ತಾರೆ.

ಎಂಬತ್ತರ ದಶಕದ ಶುರುವಿನಲ್ಲಿ ಮಾರುಕಟ್ಟೆ ಗುಡಿಸುವ ಗುತ್ತಿಗೆ ಮರಿಸ್ವಾಮಿಯದು. ರಜೆ ಕೇಳಿದಾಗ ಆತ ನಕ್ಕುಬಿಟ್ಟ. “ಅದ್ಯಾವ ಹಬ್ಬಬೇ? ಕ್ಯಾಲೆಂಡರ್‌ನ್ಯಾಗ ಕೆಂಪಕ್ಷರದಾಗ ಇಲ್ಲ.”

“ಬರತೈತ್ರಿ ಸ್ವಾಮೇರ. ಬರೋತನಕ ಸೂಟಿ ನಾನ ತಗೋತೀನಿ.”

ತೆಗೆದುಕೊಂಡರು. ಮರುದಿನ ಮರಿಸ್ವಾಮಿ ಅವರನ್ನು ಕೆಲಸದಿಂದ ಬಿಡಿಸಿದ. ಅದನ್ನು ಕೇಳಿ ಜೊತೆಯ ಹೆಂಗಸರು ಯಾರೂ ಪೊರಕೆ ಮುಟ್ಟಲಿಲ್ಲ. ಕಸ ಕೊಳೆತು ನಾರತೊಡಗಿದಾಗ ವ್ಯಾಪಾರಿಗಳೇ ಮರಿಸ್ವಾಮಿಯ ಮನೆಗೆ ಹೋಗಿ ಗದರಿದರು. ಆದಮ್ಮ ಕೆಲಸಕ್ಕೆ ಮರಳಿದರು. ಆದರೂ ಆ ಒಂದು ದಿನದ ಕೂಲಿಯನ್ನು ಪ್ರತಿವರ್ಷ ಬಿಟ್ಟುಕೊಡುತ್ತಲೇ ಬಂದರು.

ಅಂಬೇಡ್ಕರರ ಜನ್ಮ ಶತಮಾನೋತ್ಸವ ಹತ್ತಿರವಾದಂತೆ ಆ ದಿನವನ್ನು ರಜೆಯೆಂದು ಸಾರಬೇಕೆಂಬ ಕೂಗು ಊರೂರಲ್ಲಿ ಎದ್ದಿತು. ಮಸ್ಕಿಯಿಂದ ಲಿಂಗಸುಗೂರಿನ ಸರ್ಕಾರಿ ಕಚೇರಿಗೆ ಜನ ಮೆರವಣಿಗೆ ಹೊರಟಾಗ ಆದಮ್ಮನೂ ತವರಿನವರ ಜೊತೆ ಸೇರಿಕೊಂಡರು. ಡಾಂಬರು ಕರಗುವ ಬಿಸಿಲು. ಅರ್ಧ ದಾರಿಯಲ್ಲಿ ಆದಮ್ಮನವರ ಚಪ್ಪಲಿ ಹರಿಯಿತು. ಬೊಬ್ಬೆಯೆದ್ದ ಕಾಲಲ್ಲೇ ನಡೆದು ಮನವಿಗೆ ಹೆಬ್ಬೆಟ್ಟು ಒತ್ತಿದರು.

ಮುಂದೊಂದು ದಿನ ಮಾರುಕಟ್ಟೆ ಮೂಲೆಯ ಚಹಾದಂಗಡಿಯ ಜಮೀಲಾಬೀ ಲೋಟ ಹಿಡಿದೇ ಓಡಿಬಂದರು. “ಆದಮ್ಮಾ, ಬಾರಬೇ! ನಿನ್ನ ಸೂಟಿ ರೇಡಿಯೋದಾಗ ಬಂತು!” ದೇಶಕ್ಕೆ ದೇಶವೇ ತನ್ನೊಂದಿಗೆ ರಜೆ ಹಾಕುತ್ತದೆ ಎಂಬುದು ಆದಮ್ಮನವರ ಎದೆಗೆ ಇಳಿಯಲು ಹೊತ್ತು ಹಿಡಿಯಿತು.

ರಜೆ ಘೋಷಣೆಯಾದ ಮೇಲಿನ ಮೊದಲ ಜಯಂತಿಗೆ ಸಭೆ ನಿಗದಿಯಾಗಿದ್ದು ಇದೇ ಮಾರುಕಟ್ಟೆಯ ಬಯಲಲ್ಲಿ. ಬೆಳಿಗ್ಗೆಯೇ ಮರಿಸ್ವಾಮಿ ಕೇರಿಗೆ ಬಂದ. “ದೊಡ್ಡ ಮಂದಿ ಬರಾಕತ್ತ್ಯಾರ. ಲಗೂನ ಗುಡಿಸ್ರಿ.”

“ಇವತ್ತ ಸೂಟಿರೀ.”

“ಸೂಟಿ ಆಫೀಸಿನೋರಿಗೆ. ನಿಮಗಲ್ಲ.”

ಬಿಳಿ ಸೀರೆಯುಟ್ಟು ಹೊಸ್ತಿಲಲ್ಲಿ ನಿಂತಿದ್ದ ಆದಮ್ಮ ದನಿ ಏರಿಸಲಿಲ್ಲ. “ಸೂಟಿ ಯಾರ ಹೆಸರಿಂದ್ರೀ ಸ್ವಾಮೇರ? ಸೂಟಿ ಯಾರಿಗೆ?”

ಮರಿಸ್ವಾಮಿ ತಿರುಗಿ ಹೋದ. ಹೆಂಗಸರು ಸಾಲಾಗಿ ಬಯಲಿಗೆ ಬಂದು ನೋಡಿದರೆ, ಆತ ಪಂಚೆ ಮೇಲೆತ್ತಿ ಕಟ್ಟಿ ತಾನೇ ಗುಡಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಕಾಯಿಪಲ್ಲೆ ವ್ಯಾಪಾರಿ ಕರಿಬಸಯ್ಯ ಅಂಗಡಿ ಕಟ್ಟೆಯಿಂದಿಳಿದು ಇನ್ನೊಂದು ಪೊರಕೆ ಹಿಡಿದರು. ಅವರ ಹಿಂದೆ ಮತ್ತಿಬ್ಬರು. ಹೆಂಗಸರಲ್ಲಿ ಒಬ್ಬರೂ ನಗಲಿಲ್ಲ, ಬದಿಗೆ ಸರಿದು ನಿಂತರು. ಧೂಳು ಅಡಗಿದ ಮೇಲೆ ಆದಮ್ಮ ಎಲ್ಲರಿಗಿಂತ ಮುಂದೆ, ಅಂಬೇಡ್ಕರರ ಭಾವಚಿತ್ರದ ತನಕ ನಡೆದು ಹೋದರು.

ಅದನ್ನು ಹೇಳುವಾಗ ಅವರು ಈಗಲೂ ಪೊರಕೆ ಬದಿಗಿಡುತ್ತಾರೆ. “ಮೈ ಜುಮ್ಮಂತ್ರಿ. ಬುದ್ಧಿ ಬಂದಾಗಿಂದ ಮಂದಿ ತುಳಿಯೋ ದಾರಿ ನಾ ಗುಡಿಸೀನಿ. ನಾ ತುಳಿಯೋ ದಾರಿ ಮಂದಿ ಗುಡಿಸಿದ್ದು ಅವತ್ತ ನೋಡಿದೆ.”