ಮೂರು ಸಲ ಕೇಳುವ ಫಕ್ರುದ್ದೀನ್

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಫಕ್ರುದ್ದೀನನ ಕಂಪ್ಯೂಟರ್ ಅಂಗಡಿ ಇದೆ. ಅಂಗಡಿ ಎಂದರೆ ದೊಡ್ಡ ಮಾತಾಯಿತು. ಒಂದು ಮೇಜು, ಬೆನ್ನು ಮುರಿದದ್ದೂ ಸೇರಿ ಎರಡು ಕುರ್ಚಿ, ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಕೊಂಡು ಕೂತ ಹಳೆಯ ಸಿಪಿಯುಗಳು. ಅವನು ಅಲ್ಲಿ ಸಿಗುವುದೂ ಅಪರೂಪವೇ. ದಾಲ್ ಮಿಲ್ಲು, ಗೊಬ್ಬರದಂಗಡಿ, ವಕೀಲರ ಕಚೇರಿ, ಎಲ್ಲಿ ಕಂಪ್ಯೂಟರ್ ಕುಂಟತೊಡಗುತ್ತದೋ ಅಲ್ಲಿಗೆ ಕೊರಳಲ್ಲಿ ಪೆನ್‌ಡ್ರೈವ್ ತೂಗುಹಾಕಿಕೊಂಡು ಹಾಜರಾಗುತ್ತಾನೆ. ಹಳೆಯ ವಿಂಡೋಸ್ ಅಳಿಸಿ ಹೊಸದನ್ನು ಕೂರಿಸುವುದು ಅವನ ಕಸುಬು. ಊರಿನ ಬಾಯಲ್ಲಿ ಇದಕ್ಕೆ ಫಾರ್ಮ್ಯಾಟ್ ಹೊಡೆಯುವುದು ಎನ್ನುತ್ತಾರೆ.

ಈ ಕೆಲಸ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಫಕ್ರುದ್ದೀನನಿಗೆ ಮಾತ್ರ ಒಂದು ವಿಚಿತ್ರ ಪದ್ಧತಿ. ಅಳಿಸುವ ಮೊದಲು ಕೀಬೋರ್ಡಿನಿಂದ ಎರಡೂ ಕೈ ತೆಗೆದು, ಕಂಪ್ಯೂಟರಿನ ಧಣಿಯನ್ನು ನೇರ ನೋಡಿ ಕೇಳುತ್ತಾನೆ:

"ಇದರಾಗ ಉಳಸೂದು ಏನರ ಅದ ಏನ್ರಿ?"

ಇಲ್ಲ ಎಂದರೆ ಬಿಡುವುದಿಲ್ಲ, ಮತ್ತೆ ಕೇಳುತ್ತಾನೆ. ಅದಕ್ಕೂ ಇಲ್ಲ ಎಂದರೆ ಮೂರನೇ ಸಲ ಕೇಳುತ್ತಾನೆ. ಮೂರು ಸಲವೂ 'ಕಬೂಲ್', ಎಂದರೆ ಅಳಿಸಲು ಒಪ್ಪಿಗೆ, ಅನ್ನಿಸಿಕೊಂಡ ಮೇಲೇ ಗುಂಡಿ ಒತ್ತುವುದು. ಮಿಲ್ಲಿನ ಸೇಠರು ಮೊದಮೊದಲು ರೇಗುತ್ತಿದ್ದರು. ಬರಬರುತ್ತ ಅದೇ ತಮಾಷೆಯಾಯಿತು. "ನಮ್ಮ ಮಶೀನಿನ ನಿಕಾಹ್ ಮುಗೀತೇನಪಾ?" ಎಂದು ಕೇಳಿ ಚಹಾ ತರಿಸುತ್ತಿದ್ದರು.

ಈ ಪದ್ಧತಿ ಅವನ ಸ್ವಂತ ನಿಕಾಹ್‌ನಿಂದಲೇ ಬಂದದ್ದು. ಐವಾನ್-ಎ-ಶಾಹಿಯ ಹಿಂದಿನ ಗಲ್ಲಿಯ ಮನೆಯಲ್ಲಿ ಮದುವೆಯ ದಿನ ಹಲೀಮಾಳನ್ನು ಒಪ್ಪಿಗೆ ಕೇಳಲು ಹಿರಿಯರು ಒಳಗೆ ಹೋದಾಗ ಹುಡುಗಿ ಮೊದಲ ಸಲ ಸುಮ್ಮನಿದ್ದಳು, ಎರಡನೇ ಸಲವೂ ಸುಮ್ಮನಿದ್ದಳು. ಹೊರಗೆ ಮುಖಕ್ಕೆ ಹೂವಿನ ಸೆಹ್ರಾ ಕಟ್ಟಿಕೊಂಡು ಕೂತಿದ್ದ ಮದುಮಗನಿಗೆ ಜೀವ ಬಾಯಿಗೆ ಬಂದಿತ್ತು. ಮೂರನೇ ಸಲ ಒಪ್ಪಿಗೆ ಸಿಕ್ಕಿತು. ಆಮೇಲೆ ಎಷ್ಟೋ ವರ್ಷ ಕಳೆದು, ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಹಲೀಮಾ ನಕ್ಕಳು. ಮೊದಲೆರಡು ಸಲ ಕೇಳಿದ್ದು ಕಿವಿಗೆ ಬಿದ್ದಿತ್ತು ಅಷ್ಟೇ, ಮೂರನೇ ಸಲಕ್ಕೆ ಏನು ಕೇಳುತ್ತಿದ್ದಾರೆಂದು ತಿಳಿಯಿತು ಎಂದಳು. ಆ ಮಾತು ಫಕ್ರುದ್ದೀನನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಅವನಿಗೆ ಖಾಯಂ ಕೆಲಸ ಕೊಡುತ್ತಿದ್ದದ್ದು ಧಾನ್ಯ ವರ್ತಕರದೊಂದು ಸೌಹಾರ್ದ ಸಹಕಾರಿ. ಮುಖ್ಯ ಕಚೇರಿ ಕಲಬುರಗಿಯಲ್ಲಿ, ಶಾಖೆಗಳು ಸುತ್ತಲ ಊರುಗಳಲ್ಲಿ. ಶಾಖೆಗಳ ಪೈಕಿ ಅವನು ಖುಷಿಯಿಂದ ಬಸ್ಸು ಹತ್ತುತ್ತಿದ್ದದ್ದು ಕಮಲಾಪುರಕ್ಕೆ. ಅಲ್ಲಿ ಕ್ಲರ್ಕ್ ಸೂಗಮ್ಮ ಇದ್ದಳು. ಅವಳು ಭಾಯಿ ಎಂದು ಕರೆಯುತ್ತಿದ್ದ ಫಕ್ರುದ್ದೀನ್ ಬಂದರೆ ಕೆಂಪು ಬಾಳೆಹಣ್ಣಿನ ಚಿಪ್ಪು ಅವನ ಚೀಲಕ್ಕೆ ಇಳಿಯದೆ ಇರುತ್ತಿರಲಿಲ್ಲ. ಆದರೆ ಫಾರ್ಮ್ಯಾಟಿನ ವಿಷಯದಲ್ಲಿ ಅಷ್ಟು ಮರೆಗುಳಿ ಹೆಂಗಸನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ಮೊದಲ ಸಲ ಕೇಳಿದಾಗ "ಏನಿಲ್ರಿ ಭಾಯಿ, ಹೊಡೀರಿ" ಎಂದಿದ್ದಳು. ಎರಡನೇ ಸಲ ತಲೆಯನ್ನೂ ಎತ್ತಿರಲಿಲ್ಲ. ಮೂರನೇ ಸಲ ಕೇಳಿದಾಗ ಬರೆಯುತ್ತಿದ್ದ ಕೈ ನಿಂತಿತು.

"ತಡೀರಿ, ತಡೀರಿ. ನಮ್ಮ ಅತ್ತಿಯವ್ರ ಕೌದಿ ಅದಾವ ಅದರಾಗ."

ಕಂಪ್ಯೂಟರಿನಲ್ಲಿ ಕೌದಿ ಎಲ್ಲಿಂದ ಬರಬೇಕು ಎಂದು ಫಕ್ರುದ್ದೀನ್ ಬಗ್ಗಿ ನೋಡಿದ. ಎಕ್ಸೆಲ್ ಹಾಳೆಯ ಪುಟ್ಟ ಮನೆಗಳಿಗೆಲ್ಲ ಬಣ್ಣ ತುಂಬಿತ್ತು. ಸೂಗಮ್ಮನ ಅತ್ತೆ ಶೇವಂತಾ ಹಳೆಯ ಸೀರೆಗಳನ್ನು ತುಂಡು ಮಾಡಿ ಕೌದಿ ಹೊಲಿಯುವುದರಲ್ಲಿ ಆ ಸೀಮೆಗೇ ಹೆಸರಾದವಳು. ಓಣಿಯಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಅವಳದೊಂದು ಕೌದಿ ಹೋಗಬೇಕು. ಕಣ್ಣು ಮಂಜಾಗುತ್ತ ಬಂದಂತೆ ಅವಳು ಒಂದೊಂದೇ ನಮೂನೆಯನ್ನು ಬಾಯಿಂದ ಹೇಳತೊಡಗಿದಳು. ಸೊಸೆ ಅದನ್ನು ನೆನಪಿಟ್ಟುಕೊಂಡು ಬಂದು, ಊಟದ ಬಿಡುವಿನಲ್ಲಿ ಕಚೇರಿಯ ಕಂಪ್ಯೂಟರಿನಲ್ಲಿ ಬಣ್ಣ ತುಂಬಿಡುತ್ತಿದ್ದಳು. ಬಾವಿ ಮೆಟ್ಟಲ, ಹಾವಿನ ಹಾದಿ, ತೊಗರಿ ಹೂವು ಎಂದು ಪ್ರತಿಯೊಂದಕ್ಕೂ ಮುದುಕಿಯೇ ಇಟ್ಟ ಹೆಸರು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಮೊಬೈಲಿನ ಪರದೆಯಲ್ಲಿ ಆ ಮನೆಗಳು ಹಿಡಿಸುತ್ತಿರಲಿಲ್ಲ.

ಅಂದಿನಿಂದ ಪ್ರತಿ ಸಲವೂ ಇದೇ ಆಟ. ಎರಡು ಸಲ ಏನಿಲ್ಲ, ಮೂರನೇ ಸಲ ತಡೀರಿ. ಫಕ್ರುದ್ದೀನ್ ನಗುತ್ತ ಕೌದಿಗಳನ್ನು ಪೆನ್‌ಡ್ರೈವಿಗೆ ಎತ್ತಿಟ್ಟು, ಹೊಸ ವಿಂಡೋಸ್ ಕೂರಿಸಿ, ಮತ್ತೆ ಅದೇ ಜಾಗಕ್ಕೆ ಇಳಿಸಿ ಪೆನ್‌ಡ್ರೈವ್ ಖಾಲಿ ಮಾಡಿಕೊಳ್ಳುತ್ತಿದ್ದ. ಇನ್ನೊಬ್ಬರ ಮನೆಯ ಸಾಮಾನು ತನ್ನ ಕೊರಳಲ್ಲಿ ಇರಬಾರದು ಎಂಬುದು ಅವನ ಇನ್ನೊಂದು ಪದ್ಧತಿ. ಈ ಎರಡನೆಯ ಪದ್ಧತಿಯನ್ನು ಅವನು ಮುಂದೆ ಎಷ್ಟು ಶಪಿಸಿದನೋ ಲೆಕ್ಕವಿಲ್ಲ.

ಹಳೆಯ ವಿಂಡೋಸಿನ ಕಾಲ ಮುಗಿಯಿತು, ಎಲ್ಲ ಕಂಪ್ಯೂಟರುಗಳನ್ನೂ ಹೊಸದಕ್ಕೆ ಬದಲಿಸಲೇಬೇಕು ಎಂದು ಸಹಕಾರಿಯ ಲೆಕ್ಕಪರಿಶೋಧಕರು ಪಟ್ಟು ಹಿಡಿದರು. ಹೊರಗಿನ ಕಂಪನಿಯೊಂದು ಒಂದೇ ರವಿವಾರ ಎಲ್ಲ ಶಾಖೆಗಳ ಕೆಲಸ ಮುಗಿಸಿಕೊಡುವುದಾಗಿ ಬಂದು ಹೇಳಿ ಹೋಯಿತು. ಮ್ಯಾನೇಜರ್ ಗುರುಲಿಂಗಪ್ಪನವರು ಫಕ್ರುದ್ದೀನನನ್ನು ಕರೆಸಿದರು.

"ಇಷ್ಟ ವರ್ಷ ನೀನ ಮಾಡೀದಿ. ಈ ಕೆಲಸ ಹೊರಗಿನವ್ರಿಗೆ ಕೊಡಾಕ ನನಗ ಮನಸಿಲ್ಲ. ಆದ್ರ ನೀ ಪೆನ್‌ಡ್ರೈವ್ ಹಿಡ್ಕೊಂಡು ಊರೂರು ತಿರಗಿದ್ರ ವರ್ಷ ಹಿಡೀತದ."

"ನಾನೂ ಕಲೀತೇನ್ರಿ ಸಾಹೇಬ್ರ," ಎಂದ ಫಕ್ರುದ್ದೀನ್.

ಕಲಿತ. ಕೂದಲು ನೆರೆತ ಮೇಲೆ ಮೊಬೈಲಿನಲ್ಲಿ ಪಾಠದ ವಿಡಿಯೋ ನೋಡುತ್ತ, ಅರ್ಥವಾಗದಲ್ಲಿ ಹಿಂದಕ್ಕೆಳೆದು ಮತ್ತೆ ನೋಡುತ್ತ ಕೂತ ಗಂಡನನ್ನು ಕಂಡು ಹಲೀಮಾ ಪರೀಕ್ಷೆ ಯಾವಾಗ ಎಂದು ಕೆಣಕಿದಳು. ಮೊದಲ ಪ್ರಯತ್ನ ಮುಖ್ಯ ಕಚೇರಿಯಲ್ಲಿ ನಡೆಯಿತು. ಮೂಲೆಯಲ್ಲಿದ್ದ ಸರ್ವರ್‌ನಿಂದ ಒಂದು ಅಪ್ಪಣೆ ಕೊಟ್ಟದ್ದೇ ತಡ, ಸಾಲಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕಪ್ಪಾದವು, ಒಟ್ಟಿಗೆ ಬೆಳಗಿದವು, ತಂತಿಯ ಮೂಲಕ ಹೊಸ ವಿಂಡೋಸನ್ನು ತಾವೇ ಎಳೆದುಕೊಂಡವು. ಯಾವ ಭಾಷೆ, ಗಡಿಯಾರ ಎಷ್ಟು, ಕಂಪ್ಯೂಟರಿನ ಹೆಸರೇನು ಎಂದು ಕೇಳದೆ ಎಲ್ಲವನ್ನೂ ಹೊಂದಿಸಿಕೊಂಡವು. ಕನ್ನಡದ ಅಕ್ಷರ ಬಂತು, ಪ್ರಿಂಟರ್ ಕೂಡ ತಾನಾಗಿ ಜೊತೆಯಾಯಿತು. ಮದುವೆಯೂಟದಲ್ಲಿ ಇಷ್ಟು ವರ್ಷ ಒಬ್ಬನೇ ಬಡಿಸಿದವನು ಇಡೀ ಪಂಕ್ತಿಯ ಎಲೆಗೂ ಒಮ್ಮೆಗೇ ಅನ್ನ ಬಿದ್ದದ್ದನ್ನು ನೋಡಿದರೆ ಹೇಗಾದೀತೋ, ಫಕ್ರುದ್ದೀನನಿಗೆ ಹಾಗಾಯಿತು. ಸಂತೋಷಕ್ಕೆ ಅವನ ಕಣ್ಣು ತುಂಬಿತು, ನಾನು ಸುಳ್ಳು ಹೇಳುವುದಿಲ್ಲ.

ಒಂದೇ ಒಂದು ಕಡೆ ಮಾತ್ರ ಕೆಲಸ ನಿಂತಿತ್ತು. ಅಳಿಸುವ ಮೊದಲು ಪರದೆಯ ಮೇಲೆ ಆ ಪ್ರಶ್ನೆ ಮೂರು ಸಲ ಬರುವಂತೆ, ಎದುರಿಗೆ ಕೂತವರು ಮೂರು ಸಲ 'ಕಬೂಲ್' ಎಂದು ಒತ್ತುವಂತೆ ಅವನು ಮಾಡಿಟ್ಟಿದ್ದ. ಗುರುಲಿಂಗಪ್ಪನವರಿಗೆ ನಗು ತಡೆಯಲಾಗಲಿಲ್ಲ.

"ರವಿವಾರ ಶಾಖೆದಾಗ ಯಾರಿರ್ತಾರ ಕಬೂಲ್ ಅನ್ನಾಕ? ಅದನ್ನ ತಗದ್ಹಾಕು. ಸಾಮಾನು ಇದ್ದವ್ರು ಮುಖ್ಯ ಕಚೇರಿ ಫೋಲ್ಡರಿಗೆ ಹಾಕ್ಲಿ ಅಂತ ಸುತ್ತೋಲೆ ಕಳಸ್ತೇನಿ."

ಮಾತು ಸರಿಯಾಗಿಯೇ ಇತ್ತು. ಫಕ್ರುದ್ದೀನನ ಬೆರಳು ಒಂದು ಗಳಿಗೆ ಅನುಮಾನಿಸಿತು. ಆದರೆ ಈ ಒಂದು ಪ್ರಶ್ನೆಗಾಗಿ ಕೆಲಸ ಹೊರಗಿನವರ ಪಾಲಾದರೆ ಎಂಬ ಹೆದರಿಕೆ ಒಂದು ಕಡೆ, ಹೊಸ ವಿದ್ಯೆಯ ಹುಮ್ಮಸ್ಸು ಇನ್ನೊಂದು ಕಡೆ. ತೆಗೆದುಹಾಕಿದ.

ಶಾಖೆಗಳಿಗೆ ಪುಟ್ಟ ಸರ್ವರ್ ಪೆಟ್ಟಿಗೆಗಳು ಜೀಪಿನಲ್ಲಿ ಹೋದವು. ಶನಿವಾರ ಎಲ್ಲರೂ ಕಂಪ್ಯೂಟರ್ ಚಾಲೂ ಇಟ್ಟು ಮನೆಗೆ ಹೋದರು. ರವಿವಾರ ಬೆಳಿಗ್ಗೆ ಕಲಬುರಗಿಯಲ್ಲಿ ಕೂತು ಫಕ್ರುದ್ದೀನ್ ಅಪ್ಪಣೆ ಕೊಟ್ಟ. ಮಧ್ಯಾಹ್ನದೊಳಗೆ ಎಲ್ಲ ಶಾಖೆಗಳ ಹೆಸರಿನ ಮುಂದೆ ಹಸಿರು ಗುರುತು ಬಿತ್ತು. ಗುರುಲಿಂಗಪ್ಪನವರು ಮಿಠಾಯಿ ತರಿಸಿದರು.

ಸೋಮವಾರ ಕಮಲಾಪುರದಿಂದ ಫೋನ್ ಬಂತು.

"ಭಾಯಿ, ಇಲ್ಲಿ ಎಲ್ಲಾ ಹೊಸಾದಾಗೇದಲ್ರಿ. ನಮ್ಮ ಅತ್ತಿಯವ್ರ ಕೌದಿ ನಿಮ್ಮ ಕಡೆ ಅದಾವಲ್ಲ?"

ಫಕ್ರುದ್ದೀನನ ಕೈ ಕೊರಳಿನ ಖಾಲಿ ಪೆನ್‌ಡ್ರೈವಿಗೆ ಹೋಯಿತು. "ಸುತ್ತೋಲೆ ಬಂದಿದ್ದಿಲ್ಲೇನ್ರಿ ಸೂಗಮ್ಮಾರ?" ಎಂದ.

"ಬಂದಿತ್ರಿ. ಓದಿ ಸಹಿನೂ ಮಾಡೀನಿ. ಹೊಡ್ಯಾಕ ಭಾಯಿನ ಬರ್ತಾರ, ಬಂದ್ರ ಕೇಳ್ತಾರ ಅಂತ ಸುಮ್ಕ ಕುಂತೆ."

ಮುಂದಿನ ಬಸ್ಸಿಗೇ ಅವನು ಕಮಲಾಪುರಕ್ಕೆ ಹೋದ. ಅಳಿಸಿದ್ದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್‌ಗಳನ್ನು ಒಂದಾದ ಮೇಲೊಂದು ಓಡಿಸಿದ. ಹೊಸ ವಿಂಡೋಸ್ ಹಳೆಯದರ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದವನು ತಾನೇ. ಸೂಗಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಪರದೆ ನೋಡುತ್ತ ಕೂತಿದ್ದಳು. ಶೇವಂತಾ ಹೋದ ಶ್ರಾವಣದಲ್ಲಿ ತೀರಿಕೊಂಡಿದ್ದಳು. ಇನ್ನೊಮ್ಮೆ ಹೇಳು ಎಂದು ಕೇಳಲು ಮುದುಕಿ ಇರಲಿಲ್ಲ.

"ಸಿಗಂಗಿಲ್ರಿ," ಎಂದ ಫಕ್ರುದ್ದೀನ್ ಕೊನೆಗೆ. ತಲೆ ಎತ್ತಲಾಗಲಿಲ್ಲ.

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಸೂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರನ್ನೂ ದೂಷಿಸದ ದನಿಯಲ್ಲಿ ಹೇಳಿದಳು:

"ನೀವು ಕೇಳಿದ್ರ ಮೂರನೇ ಸಲಕ್ಕ ನನಗ ನೆನಪಾಗ್ತಿತ್ರಿ ಭಾಯಿ."

ಆ ದಿನ ಅವನು ಬಾಳೆಹಣ್ಣು ಮುಟ್ಟಲಿಲ್ಲ. ಮನೆಗೆ ಬಂದು ಹಲೀಮಾಳ ಮುಂದೆ ಕೂತು ಎಲ್ಲ ಹೇಳಿದ. ಅವಳು ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. ಕಂಪ್ಯೂಟರಿನದು ಹೋಯಿತು ಸರಿ, ಹೊಲಿದ ಕೌದಿಗಳೆಲ್ಲ ಎಲ್ಲಿ ಹೋದವು ಎಂದಷ್ಟೇ ಕೇಳಿದಳು.

ಮುಂದಿನ ರವಿವಾರ ಫಕ್ರುದ್ದೀನ್ ಲ್ಯಾಪ್‌ಟಾಪ್ ಹಿಡಿದು ಮತ್ತೆ ಕಮಲಾಪುರದಲ್ಲಿದ್ದ. ಸೂಗಮ್ಮನ ಜೊತೆ ಮನೆಮನೆ ತಿರುಗಿದ. ಕೂಸುಗಳಾಗಿದ್ದಾಗ ಕೌದಿ ಹೊದ್ದವರು ಈಗ ಮೀಸೆ ಹೊತ್ತು ಓಡಾಡುತ್ತಿದ್ದರು. ಕೆಲವು ಕೌದಿ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಹೊತ್ತು ಮಲಗಿದ್ದವು, ಒಂದನ್ನು ಜೋಳದ ಚೀಲದ ಅಡಿಗೆ ಹಾಸಿದ್ದರು, ಒಂದು ಎಮ್ಮೆಯ ಬೆನ್ನಿನ ಮೇಲೆ ಸಿಕ್ಕಿತು. ಅಂಗಳದಲ್ಲಿ ಹಾಸಿದ ಕೌದಿಯ ಮುಂದೆ ಸೂಗಮ್ಮ ಕೂತು ತುಂಡು ತುಂಡಾಗಿ ಬಣ್ಣ ಹೇಳುವಳು, ಫಕ್ರುದ್ದೀನ್ ಎಕ್ಸೆಲ್ಲಿನ ಮನೆ ತುಂಬುವನು. ಎಷ್ಟೋ ರವಿವಾರಗಳು ಹೀಗೆ ಹೋದವು, ಸಿಕ್ಕ ನಮೂನೆಗಳು ಮತ್ತೆ ಸೂಗಮ್ಮನ ಕಚೇರಿ ಕಂಪ್ಯೂಟರಿಗೆ ಇಳಿದವು. ಬಾವಿ ಮೆಟ್ಟಲ ಪೂರ್ತಿ ಸಿಕ್ಕಿತು. ಹಾವಿನ ಹಾದಿ ಅರ್ಧ ಸಿಕ್ಕಿತು. ತೊಗರಿ ಹೂವು ಸಿಗಲೇ ಇಲ್ಲ. ಅದು ಹೇಗಿತ್ತು ಎಂದು ಸೂಗಮ್ಮ ಕಣ್ಣು ಮುಚ್ಚಿ ಯೋಚಿಸುವಾಗ ಫಕ್ರುದ್ದೀನ್ ಬೇರೆ ಕಡೆ ನೋಡುತ್ತಿದ್ದ.

ಮರುವರ್ಷ ಲೆಕ್ಕಪರಿಶೋಧಕರು ಭದ್ರತೆಯ ಹೊಸದೊಂದು ನಿಯಮ ತಂದರು. ಎಲ್ಲ ಕಂಪ್ಯೂಟರುಗಳನ್ನೂ ಇನ್ನೊಮ್ಮೆ ಅಳಿಸಿ ಕೂರಿಸಬೇಕಾಯಿತು. ಫಕ್ರುದ್ದೀನ್ ಪ್ರಶ್ನೆಯನ್ನು ವಾಪಸ್ ಹಾಕಿಟ್ಟುಕೊಂಡೇ ಮ್ಯಾನೇಜರರ ಮುಂದೆ ನಿಂತ.

"ಮತ್ತ ಅದನ್ನ ತಂದ್ಯಾ? ರವಿವಾರ ಯಾರು ಒತ್ತತಾರೋ ಮಾರಾಯ."

"ಸೋಮವಾರ ಮಾಡೂಣ್ರಿ ಸಾಹೇಬ್ರ, ಮಂದಿ ಇದ್ದಾಗ. ಮಶೀನು ಎಲ್ಲಾ ತಾನ ಮಾಡ್ಲಿ, ಇದೊಂದು ಮಾತ್ರ ಕೇಳ್ಲಿ. ಬ್ಯಾಡ ಅಂದ್ರ ಹೊರಗಿನವ್ರಿಗೆ ಕೊಡ್ರಿ, ನನಗ ಸಿಟ್ಟಿಲ್ಲ."

ಗುರುಲಿಂಗಪ್ಪನವರಿಗೆ ಕಮಲಾಪುರದ ಸಂಗತಿ ಗೊತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು. "ಆತು, ಸೋಮವಾರನ ಮಾಡು," ಎಂದರು.

ಸೋಮವಾರ ಬೆಳಿಗ್ಗೆ ಅಪ್ಪಣೆ ಹೋಯಿತು. ಎಲ್ಲ ಶಾಖೆಗಳ ಪರದೆಗಳ ಮೇಲೂ ಪ್ರಶ್ನೆ ಮೂಡಿತು. ಒಂದೊಂದೇ ಊರಿನಿಂದ ಕಬೂಲ್ ಬರತೊಡಗಿತು. ಬಂದಂತೆ ಕಂಪ್ಯೂಟರುಗಳು ತಮ್ಮ ಪಾಡಿಗೆ ಕೆಲಸ ಹತ್ತಿಕೊಂಡವು. ಕಮಲಾಪುರದಿಂದಲೂ ಒಂದು ಬಂತು. ತಡವಿಲ್ಲದೆ ಇನ್ನೊಂದು ಬಂತು. ಆಮೇಲೆ ಬರಲಿಲ್ಲ. ಉಳಿದೆಲ್ಲ ಹೆಸರುಗಳ ಮುಂದೆ ಹಸಿರು ಬಿದ್ದರೂ ಆ ಒಂದು ಹೆಸರು ಹಾಗೇ ನಿಂತಿತ್ತು.

ಗುರುಲಿಂಗಪ್ಪನವರು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಅದ್ಯಾಕ ನಿಂತದ? ಕೆಟ್ಟದೇನು?"

ಫಕ್ರುದ್ದೀನ್ ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಇಲ್ರಿ ಸಾಹೇಬ್ರ. ಕಮಲಾಪುರ ನೆನಪು ಮಾಡ್ಕೊಳಾಕತ್ತದ."