ವ್ಯಾನಿನ ಚಪ್ಪರ ತೊಳೆದದ್ದು

1974ರಲ್ಲಿ ನಾನು ಬಳ್ಳಾರಿಯ ಕುಷ್ಠರೋಗ ಚಿಕಿತ್ಸಾ ವ್ಯಾನಿಗೆ ನಾನ್‌ಮೆಡಿಕಲ್ ಸೂಪರ್‌ವೈಸರ್ ಆಗಿ ಬಂದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ರೋಗಿಗಳನ್ನು ಹುಡುಕುವುದು, ಗುಳಿಗೆ ಹಂಚುವುದು, ರಿಜಿಸ್ಟರ್ ತುಂಬುವುದು. ಇಪ್ಪತ್ತಾರರ ವಯಸ್ಸು. ಕುರುಗೋಡಿನಲ್ಲೇ ಬೆಳೆದವನಾದ್ದರಿಂದ ಈ ಸೀಮೆಯ ಮಂದಿ ನನಗೆ ಗೊತ್ತು ಎಂಬ ಜಂಬ ಬೇರೆ.

ಡ್ರೈವರ್ ಖಾಜಾಸಾಬ್ ಬಳ್ಳಾರಿಯದೇ ಕೌಲ್ ಬಜಾರಿನವರು, ನನ್ನ ತಂದೆಯ ವಯಸ್ಸಿನವರು. ಊರು ಮುಟ್ಟಿದ ಮೇಲೆ ವ್ಯಾನಿನ ಮಗ್ಗುಲಿಗೆ ಎರಡು ಕೋಲು ನಿಲ್ಲಿಸಿ ಕ್ಯಾನ್ವಾಸ್ ಚಪ್ಪರ ಕಟ್ಟುತ್ತಿದ್ದರು. ಜ್ವರ, ಕೆಮ್ಮು, ತುರಿಕೆಗೂ ನಾವು ಔಷಧಿ ಕೊಡುತ್ತಿದ್ದುದರಿಂದ ಅದರ ನೆರಳಿನಲ್ಲಿ ಕೂತವರು ಯಾವ ರೋಗಕ್ಕೆ ಬಂದವರೆಂದು ಊರಿಗೆ ತಿಳಿಯುತ್ತಿರಲಿಲ್ಲ. ಕುಷ್ಠಕ್ಕೆ ಆಗ ಇದ್ದದ್ದು ಡ್ಯಾಪ್ಸೋನ್ ಗುಳಿಗೆ. ವರ್ಷಗಟ್ಟಲೆ ತಪ್ಪದೆ ನುಂಗಬೇಕಿತ್ತು.

ನಾನು ಬಂದ ಹೊಸತರಲ್ಲೇ ಒಮ್ಮೆ ಮಳೆಗೆ ನೆನೆದ ಚಪ್ಪರವನ್ನು ಹಾಗೇ ಸುತ್ತಿಟ್ಟು ಮರೆತೆವು. ಹದಿನೈದು ದಿನ ಬಿಟ್ಟು ಬಿಚ್ಚಿದರೆ ಕ್ಯಾನ್ವಾಸ್ ತುಂಬ ಕರಿ ಬೂಷ್ಟು, ಮುಗ್ಗಲು ವಾಸನೆ. ಇಳಿಬಿದ್ದ ಅಂಚಿನುದ್ದಕ್ಕೂ ಅರಿಶಿನ, ಕೆಮ್ಮಣ್ಣು, ಸುಣ್ಣದ ಕಲೆಗಳು, ಮಳೆಗೆ ಕದಡಿಹೋದವು. ಎಲೆ ಅಡಿಕೆ ತಿಂದವರು ಬೆರಳು ಒರೆಸಿದ್ದಾರೆ ಅಂದುಕೊಂಡೆ. ಗುರುವಾರ ಸಿರುಗುಪ್ಪದ ಹತ್ತಿರದ ದೇಶನೂರಿಗೆ ಮೇಲಧಿಕಾರಿ ತಪಾಸಣೆಗೆ ಬರುವವರಿದ್ದರು. ಆ ಊರಿಗೆ ನಾನು ಇನ್ನೂ ಹೋಗಿರಲಿಲ್ಲ.

ತೊಳೆಯಲು ನಾನೇ ನಿಂತೆ. ಮೊದಲು ಬಿಸಿಲಿಗೆ ಹರಡಿ ಒಣ ಬ್ರಶ್ಶಿನಿಂದ ಉಜ್ಜಿದೆ. ಹಸಿ ಇದ್ದಾಗ ಉಜ್ಜಿದರೆ ಬೂಷ್ಟು ನೂಲಿನೊಳಕ್ಕೇ ಇಳಿಯುತ್ತದೆ. ಆಮೇಲೆ ಸೋಪಿನ ನೀರು, ಅದಕ್ಕೂ ಜಗ್ಗದ ಕಡೆ ತೆಳ್ಳಗೆ ಕದಡಿದ ಬ್ಲೀಚಿಂಗ್ ಪೌಡರ್. ಅಂಚಿಗೆ ಕೈ ಹಾಕಿದಾಗ ಖಾಜಾಸಾಬ್ ಓಡಿ ಬಂದರು.

"ಅಂಚು ಬಿಡ್ರಿ ಸಾಹೇಬ್ರ. ಅದು ಹೊಲಸಲ್ಲ, ಮಂದಿ ಗುರ್ತು ಐತಿ."

"ಮಂದಿ ಗುರ್ತು ರಿಜಿಸ್ಟರಿನ್ಯಾಗ ಐತಿ. ನೀವು ಗಾಡಿ ನೋಡ್ಕೊಳ್ರಿ," ಅಂದೆ.

ಅವರು ಗಾಡಿಯ ಕಡೆ ಹೋದರು. ಏನು ಗುರುತು ಎಂದು ನಾನು ಕೇಳಲಿಲ್ಲ. ಅಂಚು ಬೆಳ್ಳಗಾಯಿತು.

ದೇಶನೂರಿನಲ್ಲಿ ಅಧಿಕಾರಿಗೆ ಚಹಾ ತರಲು ಖಾಜಾಸಾಬರನ್ನೇ ಕಳಿಸಿದೆ. ಬಂದ ಹೆಂಗಸರಲ್ಲಿ ಕೆಲವರು ತಲೆ ಎತ್ತಿ ಅಂಚು ನೋಡಿ ತಡವರಿಸಿದರು. ಬಿಳುಪು ಕಂಡು ಬೆರಗಾಗಿದ್ದಾರೆ ಎಂದು ಒಳಗೊಳಗೇ ಉಬ್ಬಿದೆ. ಅಧಿಕಾರಿ, "ಇವರಲ್ಲಿ ನಮ್ಮ ರೋಗಿಗಳು ಯಾರು?" ಎಂದರು. ನಾನು ರಿಜಿಸ್ಟರ್ ಬಿಚ್ಚಿ ದೊಡ್ಡ ದನಿಯಲ್ಲಿ ಕೂಗಿದೆ:

"ಕುಷ್ಠದ ಗುಳಿಗಿಯವ್ರು ಈ ಕಡೆ ಬರ್ರಿ! ಗಂಗಮ್ಮ!"

ಯಾರೂ ಏಳಲಿಲ್ಲ. ಗಂಡನ ಹೆಸರು ಸೇರಿಸಿ ಮತ್ತೆ ಕೂಗಿದೆ. ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಕೆಮ್ಮಿನ ಔಷಧಿಗೆ ಬಂದಿದ್ದ ಅವಳ ಅತ್ತೆ ಪಕ್ಕದಲ್ಲೇ ಕೂತಿದ್ದಳು. ಸೊಸೆಯನ್ನು ಒಮ್ಮೆ ದಿಟ್ಟಿಸಿ ನೋಡಿ, ಮಗುವನ್ನು ಎತ್ತಿಕೊಂಡು ದೂರ ಸರಿದಳು. ಉಳಿದವರೂ ಸರಿದರು.

ವಾಪಸು ಬರುವಾಗ ಖಾಜಾಸಾಬ್ ಬಾಯಿ ಬಿಟ್ಟರು.

"ಅರಿಶಿಣದ ಮೀನು ಆಕಿ ಗುರ್ತು. ಅದರ ಕೆಳಗ ಕುಂದರ್ತಿದ್ಲು. ಆಕಿ ಚೀಟಿ ಹಿಂದನೂ ಮೀನು ಬರದೀನಿ. ಅದನ್ನ ನೋಡಿ ಗುಳಿಗಿ ಕೊಡ್ತಿದ್ದೆ. ಎಲ್ಲಾರಿಗೂ ಹಂಗ ಒಂದೊಂದು ಗುರ್ತು. ಎರಡು ವರ್ಷ ಯಾರ ಹೆಸರೂ ಕರದಿಲ್ರಿ. ಆಕಿ ಮನ್ಯಾಗ ರಕ್ತದ ಗುಳಿಗಿ ಅಂತ ಹೇಳಿದ್ಲು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ.

ಗಂಗಮ್ಮನಿಗೆ ಇದ್ದದ್ದು ಮುಂಗೈ ಮೇಲೆ ಒಂದೇ ಮಚ್ಚೆ, ವಾಸಿಯಾಗುವಂಥದ್ದು. ಆ ವಾರವೇ ಅವಳನ್ನು ಬಳ್ಳಾರಿ ಹತ್ತಿರದ ಮೋಕದ ತವರಿಗೆ ಅಟ್ಟಿದರು. ಮಗುವನ್ನು ಕೊಡಲಿಲ್ಲ. ಖಾಜಾಸಾಬ್ ತಿಂಗಳಿಗೊಮ್ಮೆ ರಜೆಯ ದಿನ ಸೈಕಲ್ ತುಳಿದು ಅವಳಿಗೆ ಗುಳಿಗೆ ಮುಟ್ಟಿಸುತ್ತಿದ್ದರು. "ನೀವೂ ಬರ್ರಿ. ತಪ್ಪಾತು ಅನ್ರಿ, ಸಾಕು," ಎಂದು ನನ್ನನ್ನು ಕರೆದರು. ಮೀಟಿಂಗ್ ಇದೆ ಎಂದೆ. ಮೀಟಿಂಗ್ ಇರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಿಂದ ತಲೆ ಎತ್ತಲಾಗುವುದಿಲ್ಲ. ವ್ಯಾನು ಬಹಳ ಸ್ವಚ್ಛವಾಗಿದೆ ಎಂದು ತಪಾಸಣಾ ವರದಿಯಲ್ಲಿ ನನ್ನನ್ನು ಹೊಗಳಿದ್ದರು.

ಕಲೆ ಕಂಡರೆ, ಅದು ಯಾರದೆಂದು ಕೇಳದೆ ಕೈ ಹಚ್ಚಬಾರದು. ಆ ನೌಕರಿ ನನಗೆ ಕಲಿಸಿದ ಪಾಠ ಅದೊಂದೇ, ಅದಕ್ಕೆ ಬೆಲೆ ತೆತ್ತವಳು ಮಾತ್ರ ಬೇರೆಯವಳು. ಖಾಜಾಸಾಬ್ ಗುರುತುಗಳನ್ನೆಲ್ಲ ಮತ್ತೆ ಬರೆದರು, ಮೀನನ್ನೂ ಬಿಡಲಿಲ್ಲ. ಮರುವರ್ಷದ ಮಳೆಗೆ ಬೂಷ್ಟು ಮತ್ತೆ ಅದೇ ಜಾಗಕ್ಕೆ ಬಂತು. ಮೀನಿನ ಕೆಳಗೆ ಗಂಗಮ್ಮ ಬರಲಿಲ್ಲ.